ಮಂಜಿನ ಶಾಯಿಗೆ ಬೆಳಗಿದ ಊದುಬತ್ತಿ

ಇಲ್ಲಿ ಶಾಯಿಯನ್ನು ಮಂಜು ಮಾಡಿ ಊದುತ್ತಾರೆ. ಮೊದಲ ದಿನ ನೋಡಿದಾಗ ಮಷೀನಿನ ಸೂಜಿಯಂಥ ಮೂತಿ ಪ್ಲಾಸ್ಟಿಕ್ ಹಾಳೆಯನ್ನು ಮುಟ್ಟುತ್ತಲೇ ಇರಲಿಲ್ಲ, ಆದರೂ ಕೆಳಗೆ ಕೂದಲಿಗಿಂತ ಸಣ್ಣ ಬೆಳ್ಳಿಗೆರೆ ಮೂಡುತ್ತಿತ್ತು. ರಾಯಚೂರಿನ ಪ್ರೆಸ್ಸಿನಲ್ಲಿ ಹನ್ನೊಂದು ವರ್ಷ ಲಗ್ನಪತ್ರಿಕೆಗೆ ಸ್ಕ್ರೀನ್ ಎಳೆದವಳು ನಾನು. ಮೊಣಕೈವರೆಗೆ ಮಸಿಯಾಗದೆ ಮುದ್ರಣವೆಲ್ಲಿಯದು? ಅಯ್ಯೋ ಶಿವನೇ, ಇದೆಂಥ ಪ್ರಿಂಟಿಂಗು ಎಂದು ಬಾಯಿ ಬಿಟ್ಟುಕೊಂಡು ನಿಂತೆ.

ಲಗ್ನಪತ್ರಿಕೆಗಳೆಲ್ಲ ಮೊಬೈಲಿಗೆ ಹೋದ ಮೇಲೆ ಪ್ರೆಸ್ಸು ಮುಚ್ಚಿತು. ಒಂಬತ್ತು ವರ್ಷದ ಮಗಳು ಭಾಗ್ಯಳನ್ನು ಅವ್ವನ ಹತ್ತಿರ ಬಿಟ್ಟು ಬೆಂಗಳೂರಿನ ಹೊಸ ತಿಪ್ಪಸಂದ್ರಕ್ಕೆ ಬಂದು ಈ ಕಂಪನಿ ಸೇರಿದೆ. ಕೆಲಸ ಕಾಯಂ ಆದರೆ ಅವಳನ್ನು ಕರೆಸಿಕೊಂಡು ಇಲ್ಲಿಯೇ ಶಾಲೆಗೆ ಸೇರಿಸಬೇಕು, ಅದೊಂದೇ ಆಸೆ. ಮಾರ್ಕೆಟ್ ರಸ್ತೆಯಲ್ಲಿ ಒಂದು ಕೋಣೆ ಸಿಕ್ಕಿತು. ರೊಟ್ಟಿ ಬಡಿಯತೊಡಗಿದರೆ ಕೆಳಗಿನ ಮನೆಯ ತಮಿಳಜ್ಜಿ "ಸತ್ತಂ ಪೋಡಾದಮ್ಮಾ" ಎನ್ನುತ್ತಾರೆ, ಸದ್ದು ಮಾಡಬೇಡ ಎಂದು. ಈಗ ಲಟ್ಟಿಸುತ್ತೇನೆ. ಅದು ರೊಟ್ಟಿಯೇ ಅಲ್ಲ ಬಿಡಿ.

ಆದರೆ ಮಷೀನು ಕೈಗೆ ಬಂತು. ಬೆಳ್ಳಿಗೆರೆಯ ಅಂಚು ನೋಡಿಯೇ ಮೂತಿ ಕಟ್ಟಿಕೊಳ್ಳುತ್ತಿದೆ ಎಂದು ಹೇಳಿಬಿಡುತ್ತಿದ್ದೆ. ಸೂಪರ್‌ವೈಸರ್ ಶಾಲಿನಿ ನನಗಿಂತ ಚಿಕ್ಕವಳು. "ಅಕ್ಕಾ, ನಿಮ್ ಕಣ್ಣಿದ್ರೆ ಮೈಕ್ರೋಸ್ಕೋಪೇ ಬೇಡ. ಈ ಬ್ಯಾಚ್ ಪಾಸಾಗ್ಲಿ, ನೀವು ಕನ್ಫರ್ಮ್ ಆಗ್ಬಿಡ್ತೀರ" ಎಂದಳು. ರೋಗಿಯ ಎದೆಗೆ ಅಂಟಿಸಿ ಉಸಿರು ಅಳೆಯುವ ಸೆನ್ಸರುಗಳ ಬ್ಯಾಚು ಅದು. ನಾನು ಅಂದೇ ಅವ್ವನಿಗೆ ಫೋನು ಮಾಡಿ, ಭಾಗ್ಯಳನ್ನು ಶಾಲೆ ಬಿಡಿಸಿ ಟೀಸಿ ತೆಗೆದಿಡು ಎಂದೆ. ತಡೆಯಲಾಗಲಿಲ್ಲ ನನಗೆ.

ಆಮೇಲೆ ಆಯುಧಪೂಜೆ ಬಂತು. ಹೊರಗಿನ ಹಾಲ್‌ನಲ್ಲಿ ಕಂಪ್ಯೂಟರುಗಳಿಗೆ ಹೂವಿಟ್ಟು ಕುಂಬಳಕಾಯಿ ಒಡೆದರು. ಅನ್ನ ಕೊಡುವ ಮಷೀನು ಮಾತ್ರ ಗಾಜಿನ ಕೋಣೆಯಲ್ಲಿ ಬೋಳುಬೋಳಾಗಿ ನಿಂತಿತ್ತು. ನಮ್ಮ ಪ್ರೆಸ್ಸಿನಲ್ಲಿ ಕತ್ತರಿಯನ್ನೂ ಬಿಡುತ್ತಿರಲಿಲ್ಲವಲ್ಲ! ಎಲ್ಲರೂ ಸಿಹಿ ತಿನ್ನುವಾಗ ಒಳಗೆ ಹೋಗಿ ಮಷೀನಿಗೆ ವಿಭೂತಿ ಹಚ್ಚಿದೆ, ಒಂದೇ ಒಂದು ಊದುಬತ್ತಿ ಬೆಳಗಿದೆ. ಧೂಳು ಹೋಗಬಾರದೆಂದು ತಲೆಗೆ ಟೋಪಿ, ಕಾಲಿಗೆ ಚೀಲ ಹಾಕಿಕೊಂಡೇ ಹೋಗಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಪಕ್ಕದ ಟ್ರೇಗಳಲ್ಲಿ ಸೆನ್ಸರುಗಳ ಶಾಯಿ ಇನ್ನೂ ಹಸಿಯಾಗಿತ್ತು. ಹೊಗೆಯ ಕಣಗಳು ಕೂತು ಗೆರೆಗಳು ಅಲ್ಲಲ್ಲಿ ತುಂಡಾದವು. ಇಡೀ ಬ್ಯಾಚು ಹೋಯಿತು.

"ಯಾಕಕ್ಕಾ ಹಿಂಗ್ ಮಾಡ್ಬಿಟ್ರಿ? ನನ್ನೊಂದ್ ಮಾತ್ ಕೇಳ್ಬಾರ್ದಿತ್ತಾ?" ಎಂದಳು ಶಾಲಿನಿ. ಅವಳ ಕಣ್ಣಲ್ಲಿ ನೀರಿತ್ತು. ರಾಯಚೂರಾಗಿದ್ದರೆ ಯಜಮಾನರು ಓಣಿಗೆಲ್ಲ ಕೇಳುವಂತೆ ಬೈದು, ಸಂಜೆ ತಾವೇ ಚಹಾ ತರಿಸುತ್ತಿದ್ದರು. ಇಲ್ಲಿ ಯಾರೂ ಬೈಯಲಿಲ್ಲ. ಮರುದಿನ ನನ್ನ ಕಾರ್ಡಿಗೆ ಗಾಜಿನ ಬಾಗಿಲು ತೆರೆಯಲಿಲ್ಲ, ಅಷ್ಟೇ. ಈಗ ಡಬ್ಬಿಗಳಿಗೆ ಚೀಟಿ ಅಂಟಿಸುತ್ತೇನೆ. ತಿಂಗಳ ಕೊನೆಗೆ ಅದೂ ಇಲ್ಲ. ಊರಿಗೆ ಹೋಗೋಣವೆಂದರೆ ಅಲ್ಲಿ ಪ್ರೆಸ್ಸಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಬೆಳಿಗ್ಗೆ ಏಳಲಿಕ್ಕೇ ಮನಸ್ಸಾಗುವುದಿಲ್ಲ.

ನಿನ್ನೆ ಭಾಗ್ಯ ಫೋನು ಮಾಡಿದ್ದಳು. "ಅವ್ವಾ, ರಜೆ ಮುಗದು ಸಾಲಿ ಸುರು ಆಗ್ಯಾದ. ನಾ ಹೋಗಿದ್ದೆ. ಹಾಜರಿಯಾಗ ನನ್ನ ಹೆಸರ ಕರೀಲಿಲ್ಲ. ಟೀಚರ್ ನೀ ಈಗ ಬೆಂಗಳೂರಿನಾಕಿ ಅಂದ್ರು."

"ಹೂಂ," ಅಂದೆ.

"ಹಂಗಾರ ಅಲ್ಲಿ ಸಾಲ್ಯಾಗ ನನ್ನ ಹೆಸರ ಕರಿಯಾಕತ್ಯಾರೇನು?"