ಹೊಲಿಗೆ ಸಿಸ್ಟರ್ ಅವರ ಬೆಟ್ಟದ ಕಳ್ಳಿ

ಮೊನ್ನೆ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಗಿಡ ಮಾರುವವನ ತಳ್ಳುಗಾಡಿಯಲ್ಲಿ ಲಿಂಬೆಹಣ್ಣಿನಷ್ಟು ದೊಡ್ಡದೊಂದು ಕಳ್ಳಿ ಕಂಡೆ. ನೆತ್ತಿಯ ಮೇಲೆ ಹಳದಿ ಹೂವು. ಬೆರಳು ತಾಗಿಸಿದರೆ ಕಾಗದದ ಹಾಗೆ ಗರಗರ ಎಂದಿತು. ಒಣಗಿದ ಯಾವುದೋ ಹೂವನ್ನು ಗಮ್ ಹಾಕಿ ಅಂಟಿಸಿದ್ದರು. ಆದರೂ ಆ ಹಳದಿ ನನ್ನನ್ನು ಎಲ್ಲಿಗೋ ಕರೆದುಕೊಂಡು ಹೋಯಿತು... ಬಂಟ್ವಾಳದ ಕಾನ್ವೆಂಟಿಗೆ, ಹೊಲಿಗೆ ಕ್ಲಾಸಿನ ಕಿಟಕಿಗೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ. ನಾನು ಅಲ್ಲಿ ಬೋರ್ಡಿಂಗಿನಲ್ಲಿದ್ದೆ. ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ದೂರದ ಬೆಟ್ಟದ ಊರಿನ ಕಾನ್ವೆಂಟಿನಿಂದ ಬಂದವರು. ಅವರ ಕಿಟಕಿಯಲ್ಲಿ ಒಂದು ತಗಡಿನ ಡಬ್ಬಿ, ಅದರೊಳಗೆ ಮುಳ್ಳಿನ ಪುಟ್ಟ ಉಂಡೆ.

"ಇದು ನಮ್ಮ ಬೇಲಿಯ ಕಳ್ಳಿಯೇ ಅಲ್ವಾ ಸಿಸ್ಟರ್?" ಎಂದು ಒಬ್ಬಳು ಕಿಸಕ್ಕನೆ ನಕ್ಕಳು.

ಸಿಸ್ಟರ್ ಕೈಯಲ್ಲಿದ್ದ ಸೂಜಿಯಿಂದಲೇ ಅದನ್ನು ಮೆಲ್ಲ ಚುಚ್ಚಿದರು. ಹಾಲು ಬರಲಿಲ್ಲ. ನೀರಿನಂಥ ಒಂದು ಹನಿ ಮಾತ್ರ.

"ನಿಮ್ಮ ಬೇಲಿಯದ್ದರಲ್ಲಿ ಹಾಲು ಉಂಟು. ಇದರ ಮುಳ್ಳು ನೋಡಿ, ಪ್ರತಿ ಗೊಂಚಲಿನ ಬುಡದಲ್ಲೂ ಹತ್ತಿಯ ಚುಕ್ಕೆ. ಇದು ಬೆಟ್ಟದ್ದು."

ಬೆಟ್ಟದ್ದು ಹೌದು, ಆದರೆ ಯಾವ ಬಗೆಯದು ಎಂದು ಅವರಿಗೂ ತಿಳಿದಿರಲಿಲ್ಲ. ಅವರ ಜೊತೆಗೇ ಕಾನ್ವೆಂಟಿಗೆ ಸೇರಿದ ಗೆಳತಿಯೊಬ್ಬರು ಅಲ್ಲಿ ಎರಡು ಬಗೆ ಬೆಳೆಸಿದ್ದರಂತೆ. ಕೆಂಪು ಹೂವಿನದು ನಿನಗೆ, ಹಳದಿಯದು ನನಗೆ ಎನ್ನುತ್ತಿದ್ದರಂತೆ. ಆ ಗೆಳತಿ ಕಾಯಿಲೆಯಿಂದ ತೀರಿಕೊಂಡ ಮೇಲೆ ಯಾರೋ ಒಂದು ಮರಿ ಕಿತ್ತು ಕಳಿಸಿದ್ದರು. ಹೂವಿಲ್ಲದಾಗ ಎರಡೂ ಒಂದೇ ತರಹ. ಇದು ಗೆಳತಿ ಸಿಸ್ಟರಿಗೆಂದೇ ಬೆಳೆಸಿದ್ದೋ ಅಲ್ಲವೋ ಎಂದು ತಿಳಿಯಲು ಹೂವೊಂದೇ ದಾರಿ. ನಮ್ಮ ಸೆಕೆಗೆ ಅದು ಒಮ್ಮೆಯೂ ಹೂ ಬಿಟ್ಟಿರಲಿಲ್ಲ. ಜೂನಿಗೆ ಸಿಸ್ಟರಿಗೆ ವರ್ಗ ಎಂಬ ಮಾತು ಬೇರೆ. ಹೋಗುವಾಗ ಒಂದು ಟ್ರಂಕ್ ಬಿಟ್ಟು ಬೇರೇನೂ ಒಯ್ಯುವ ಹಾಗಿಲ್ಲ.

ಕ್ರಿಸ್‌ಮಸ್ ರಜೆಗೆ ನಾನು ಮನೆಗೆ ಹೊರಟಾಗ ಅವರು ನನ್ನನ್ನು ಕರೆದರು.

"ನಿಮ್ಮ ಬೆಳ್ತಂಗಡಿಯಲ್ಲಿ ಬೆಳಿಗ್ಗೆ ಚಳಿ ಉಂಟಲ್ವಾ ಮಗೂ? ಬಾವಿಕಟ್ಟೆಯ ಮೇಲೆ ಇಡು. ಘಾಟಿಯ ಗಾಳಿ ತಾಗಲಿ. ಹೂವು ಬರುವವರೆಗೆ ಅಲ್ಲೇ ಇರಲಿ. ನೀರು ಮಾತ್ರ ಬೇಡ."

ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ನೀರು ಬೇಡ ಎಂಬ ಮಾತು ಅಜ್ಜಿಗೆ ಹಿಡಿಸಲಿಲ್ಲ. "ಎಂತ ಮಾರಾಯ್ತಿ, ನಿಮ್ಮ ಸಿಸ್ಟರ್ ಗಿಡಕ್ಕೂ ಉಪವಾಸ ಮಾಡಿಸ್ತಾರಾ?" ಎಂದಳು. ನಾನು ಬೋರ್ಡಿಂಗಿಗೆ ಹಿಂತಿರುಗಿದ ಮೇಲೂ ಬೈದುಕೊಂಡೇ ಅದನ್ನು ನೀರು ಹಾಕದೆ ಕಾಪಾಡಿದಳು.

ಬೇಸಗೆ ರಜೆಗೆ ಮನೆಗೆ ಬಂದಾಗ ಬುಡದಲ್ಲಿ, ಮಣ್ಣಿಗೆ ತಾಗಿಕೊಂಡು, ಗುಲಗಂಜಿಯಷ್ಟು ದೊಡ್ಡದೊಂದು ಮೊಗ್ಗು! ಕೆಂಪು, ಅಚ್ಚ ಕೆಂಪು. ಅದು ಉದ್ದವಾಗಿ ತುದಿ ಸಡಿಲಾದ ದಿನ ಸಂಜೆಯ ಬಸ್ಸಿನ ಕಂಡಕ್ಟರನಲ್ಲಿ ಕಾನ್ವೆಂಟಿಗೆ ಹೇಳಿ ಕಳಿಸಿದೆ: ಕೆಂಪು, ನಾಳೆ ಅರಳುತ್ತದೆ.

ಮರುದಿನ ಮೊದಲ ಬಸ್ಸಿಗೇ ಸಿಸ್ಟರ್ ಬಂದರು. ಒಬ್ಬರೇ ತಿರುಗುವ ಕ್ರಮ ಇಲ್ಲದ್ದರಿಂದ ಜೊತೆಗೆ ಅಡುಗೆಮನೆಯ ಸಿಸ್ಟರ್. ನಾನು ಓಡಿಹೋಗಿ ಬಾವಿಕಟ್ಟೆ ನೋಡಿದರೆ ಗಿಡ ಇತ್ತು, ಮೊಗ್ಗು ಇರಲಿಲ್ಲ.

ಅಜ್ಜಿ ದೇವರ ಕೋಣೆಯಿಂದ ಹೊರಗೆ ಬಂದಳು. "ಮೊದಲ ಹೂವಲ್ವಾ? ದೇವರಿಗೆ ಇಟ್ಟೆ."

ಅವಳ ತುಳುವನ್ನು ನಾನು ಕನ್ನಡ ಮಾಡಿ ಹೇಳಿದೆ. ಸಿಸ್ಟರ್ ಮುಖ ಬಿಳುಪಾಯಿತು. ಆದರೆ ಸಿಟ್ಟಾಗಲಿಲ್ಲ. ದೇವರ ಕೋಣೆಯ ಹೊಸ್ತಿಲ ಹೊರಗೆ ನಿಂತು, "ನಾನು ಒಮ್ಮೆ ನೋಡಬಹುದಾ?" ಎಂದರು.

ಅಜ್ಜಿ ಅವರನ್ನೇ ಸ್ವಲ್ಪ ಹೊತ್ತು ನೋಡಿದಳು. ಒಳಗೆ ಹೋಗಿ ಹೂವನ್ನು ತಂದು ಪ್ರಸಾದ ಕೊಡುವ ಹಾಗೆ ಅವರ ಕೈಗೆ ಹಾಕಿದಳು. ಇನ್ನೂ ಪೂರ್ತಿ ಬಿಚ್ಚದ ಮೊಗ್ಗು, ಮೈತುಂಬ ಕುಂಕುಮ. ಅದರ ಬಣ್ಣ ಯಾವುದು, ಕುಂಕುಮ ಯಾವುದು ಎಂದು ತಿಳಿಯುವಂತಿರಲಿಲ್ಲ.

ಹಿತ್ತಾಳೆ ಬಟ್ಟಲಿನಲ್ಲಿ ನೀರು ತಂದೆ. ಜಗಲಿಯ ಬಿಸಿಲಿನಲ್ಲಿ ಬಟ್ಟಲಿಟ್ಟು ನಾವು ನಾಲ್ವರೂ ಸುತ್ತ ಕೂತೆವು. ಕುಂಕುಮ ಹೊಗೆಯ ಹಾಗೆ ನೀರಿಗೆ ಇಳಿಯುತ್ತಾ ಹೋಯಿತು... ಸಿಸ್ಟರ್ ಅವರ ಬಿಳಿ ಸೆರಗಿನ ಅಂಚಿನಲ್ಲಿ ಒಂದು ಇರುವೆ ನಡೆಯುತ್ತಿದ್ದುದು ಇವತ್ತಿಗೂ ಕಣ್ಣ ಮುಂದೆ ಉಂಟು. ಬಿಸಿಲು ಏರಿದ ಹಾಗೆ ಎಸಳುಗಳು ಒಂದೊಂದಾಗಿ ಹಿಂದಕ್ಕೆ ಬಾಗಿದವು. ಹೊರಗೆ ಕೆಂಪು. ಒಳಗೆ, ಮೊಟ್ಟೆಯ ಭಂಡಾರದಂಥ ಹಳದಿ.

"ಅಯ್ಯೋ, ನಿಮ್ಮದಲ್ಲ!" ಎಂದುಬಿಟ್ಟೆ.

ಸಿಸ್ಟರ್ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. "ನನ್ನದಲ್ಲ ಮಗೂ. ಅವಳದ್ದೇ," ಎಂದರು. "ಇಷ್ಟು ವರ್ಷ ಅವಳೇ ನನ್ನ ಕಿಟಕಿಯಲ್ಲಿ ಇದ್ದಳು." ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಗೊತ್ತಾಗಲಿಲ್ಲ.

ಅಜ್ಜಿಗೆ ಎಷ್ಟು ಅರ್ಥವಾಯಿತೋ. "ಬೆಲ್ಲ ನೀರು ಕುಡಿಯಲಿಕ್ಕೆ ಹೇಳು ಅವರಿಗೆ," ಎಂದು ಒಳಗೆ ಹೋದಳು.

ಜೂನಿನಲ್ಲಿ ಸಿಸ್ಟರ್ ಒಂದು ಟ್ರಂಕ್ ಹಿಡಿದುಕೊಂಡು ಹೋದರು. ಗಿಡವನ್ನು ನಮ್ಮಲ್ಲೇ ಬಿಟ್ಟರು. ಜಗಲಿಯ ಒಳಗೆ ಇಟ್ಟರೂ ಆ ಮಳೆಗಾಲದ ತೇವಕ್ಕೆ ಬುಡದಿಂದ ಕೊಳೆಯಿತು. ಒಂದು ಬೆಳಿಗ್ಗೆ ಮುಟ್ಟಿದರೆ ಬೆರಳು ಒಳಗೇ ಹೋಯಿತು. ಅದನ್ನು ಅವರಿಗೆ ತಿಳಿಸಲು ಎಲ್ಲಿದ್ದಾರೆಂದೇ ಗೊತ್ತಿರಲಿಲ್ಲ. ಬಹಳ ವರ್ಷಗಳ ಮೇಲೆ, ತೀರಿಹೋದರು ಎಂದು ಯಾರೋ ಹೇಳಿದರು. ಯಾವ ಊರಿನಲ್ಲಿ ಎಂದು ಹೇಳಿದವರಿಗೂ ತಿಳಿದಿರಲಿಲ್ಲ...

ತಳ್ಳುಗಾಡಿಯ ಆ ಗಿಡವನ್ನು ಕೊಂಡು ತಂದೆ. ಅಂಟಿಸಿದ ಹೂವನ್ನು ಮೆಲ್ಲ ಕಿತ್ತೆ. ನೆತ್ತಿಯಲ್ಲಿ ಗಮ್ಮಿನ ಕಲೆ ಉಳಿದಿದೆ. ಸೂಜಿಯಿಂದ ಚುಚ್ಚಿ ನೋಡಿದೆ, ಹಾಲು ಬರಲಿಲ್ಲ. ಈಗ ಅಡುಗೆಮನೆಯ ಕಿಟಕಿಯಲ್ಲಿದೆ. ಚಳಿ ಶುರುವಾಗಿದೆ, ನೀರು ನಿಲ್ಲಿಸಿದ್ದೇನೆ. ಹೂವು ಬಂದರೆ ಬಣ್ಣವೇನೋ ಕಾಣಬಹುದು. ಅದು ಯಾರದ್ದು ಎಂದು ಹೇಳುವವರು ಮಾತ್ರ ಇನ್ನಿಲ್ಲ.