ಉಪ್ಪು ಬಲ್ಲ ಮೂಗು

ಆಂಟಿಯ ಮೂಗಿನ ಎರಡೂ ಬದಿಗೆ ಬಿಳಿಕಲ್ಲಿನ ಮೂಗುಬೊಟ್ಟುಗಳಿದ್ದವು. ಕುದಿಯುವ ಸಾರಿನ ಮೇಲೆ ಅವರು ಬಗ್ಗಿದರೆ ಹಬೆಗೆ ಎರಡೂ ಮಂಕಾಗುತ್ತಿದ್ದವು. ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು, "ಉಪ್ಪು ಅರ್ಧ ಚಮಚ ಕಮ್ಮಿ" ಎಂದು ತೀರ್ಪು ಕೊಡುತ್ತಿದ್ದರು. ಮೇಲ್ಮನವಿಗೆ ಅವಕಾಶವಿರಲಿಲ್ಲ. ನೈವೇದ್ಯಕ್ಕೆ ಮೊದಲು ಅಡುಗೆಯನ್ನು ನಾಲಿಗೆಗೆ ಮುಟ್ಟಿಸಬಾರದೆಂಬ ನೇಮವನ್ನು ಅವರು ಹುಳಿಪುಡಿಯ ಜೊತೆಗೇ ಮೈಸೂರಿನಿಂದ ಅಮೆರಿಕದ ಸೆಂಟರ್‌ವಿಲ್‌ನ ಮಗಳ ಮನೆಗೆ ತಂದಿದ್ದರು. ಮೂಗಿಗೆ ಮಾತ್ರ ವಿನಾಯಿತಿ. ಅದನ್ನು ಯಾರು ಕೊಟ್ಟರೆಂದು ಕೇಳುವ ಧೈರ್ಯ ನಮಗಿರಲಿಲ್ಲ. ಸುತ್ತಲಿನ ಕನ್ನಡದ ಮನೆಗಳ ಹಬ್ಬಕ್ಕೆಲ್ಲ ಸೌಟು ಅವರದೇ. ಪಕ್ಕದ ಮನೆಯವನಾದ ನಾನು ತೆಂಗಿನಕಾಯಿ ತುರಿಯುವ ಹುದ್ದೆಯಲ್ಲಿದ್ದೆ.

ಕೋವಿಡ್ ಬಂದ ಮೊದಲ ವರ್ಷವೇ ಆಂಟಿ ಮಲಗಿದರು. ಜ್ವರ, ಕೆಮ್ಮು ಹೋದವು. ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋದವು. ಡಾಕ್ಟರು ಕಾಯಿರಿ ಎಂದರು. ಆಂಟಿ ದಿನಾ ಬೆಳಿಗ್ಗೆ ಇಂಗಿನ ಡಬ್ಬಿಗೆ ಮೂಗೊಡ್ಡಿ ಕೂತರು. ಡಬ್ಬಿ ಏನೂ ಹೇಳಲಿಲ್ಲ.

ಮರುವರ್ಷ ಗಣೇಶನ ಹಬ್ಬಕ್ಕೆ ಮತ್ತೆ ಎಲ್ಲರೂ ಸೇರುವುದೆಂದಾಯಿತು. ಆಂಟಿ ನನ್ನನ್ನು ಹಿತ್ತಲಿಗೆ ಕರೆದರು.

"ನೀನೇ ನನ್ನ ಮೂಗಾಗ್ಬೇಕು ಕಣಪ್ಪ. ಮಗಳಿಗೆ ವಾಸನೆ ವಾಪಸ್ ಬಂತು ಅಂತ ಹೇಳಿದೀನಿ. ಇಲ್ಲಾಂದ್ರೆ ಕೇಟರಿಂಗ್ ಆರ್ಡರ್ ಮಾಡ್ತಾಳೆ."

"ನಾಲಿಗೆಗೆ ಉಪ್ಪು ಗೊತ್ತಾಗುತ್ತಲ್ಲ ಆಂಟಿ. ಒಂದು ತೊಟ್ಟು ನೋಡ್ಬಿಡಿ. ದೇವರು ಅಡ್ಜಸ್ಟ್ ಮಾಡ್ಕೋತಾನೆ."

"ಅವನು ಮಾಡ್ಕೋತಾನೆ. ನನ್ನ ಕೈಲಾಗಲ್ಲ."

ಹಬ್ಬದ ದಿನ ಅವರಂತೆಯೇ ಬಗ್ಗಿ, ಕಣ್ಣು ಮುಚ್ಚಿ, ಹುದ್ದೆಗೆ ತಕ್ಕ ಗಾಂಭೀರ್ಯದಿಂದ ಉಸಿರೆಳೆದೆ. ಇಂಗು ಬಂತು, ಕೊತ್ತಂಬರಿ ಬಂತು, ತುಪ್ಪವೂ ಬಂತು. ಉಪ್ಪು ಹೇಗೆ ಬರುತ್ತದೆಂದು ನನಗೆ ತಿಳಿದಿರಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಪರ್ಫೆಕ್ಟ್ ಆಂಟಿ," ಎಂದೆ.

ಸಾರಿಗೆ ಅವರು ಉಪ್ಪು ಹಾಕುವುದನ್ನೇ ಮರೆತಿದ್ದರು. ಮೂವತ್ತು ಮಂದಿ ಮರ್ಯಾದಸ್ಥರು ಮಾತಿಲ್ಲದೆ ಉಂಡರು. ಕೊನೆಯ ಪಂಕ್ತಿಗೆ ಕೂತ ಆಂಟಿ ಮೊದಲ ತುತ್ತಿಗೇ ನನ್ನತ್ತ ನೋಡಿದರು. ನಾನು ತಲೆ ತಗ್ಗಿಸಿದೆ.

"ಉಪ್ಪು ಮರೆತೇಹೋಯ್ತು. ನನಗೂ ವಯಸ್ಸಾಯ್ತು," ಎಂದರು, ಎಲ್ಲರಿಗೂ ಕೇಳುವಂತೆ. ಸೌಟು ತೊಳೆದು ಮಗಳ ಕೈಗಿತ್ತರು. ಮತ್ತೆ ಹಿಡಿಯಲಿಲ್ಲ. ಆಮೇಲಿನ ಹಬ್ಬಗಳಲ್ಲಿ ಸೋಫಾದ ತುದಿಯಲ್ಲಿ, ಯಾರದೋ ಮನೆಗೆ ಬಂದವರಂತೆ, ಕೈಕಟ್ಟಿ ಕೂರುತ್ತಿದ್ದರು.

ಹೋದ ಚಳಿಗಾಲದಲ್ಲಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಮಗಳು ಒಲೆಯ ಮುಂದಿನಿಂದ ನನ್ನನ್ನು ಕರೆದಳು.

"ಸ್ವಲ್ಪ ಬರ್ತೀರಾ? ಉಪ್ಪಿಗೆ ನಿಮ್ಮನ್ನೇ ಕೇಳು ಅಂತಿದ್ರು ಅಮ್ಮ. ನಿಮಗೆ ಮೂಗಲ್ಲೇ ಗೊತ್ತಾಗುತ್ತಂತೆ."

ಪಾತ್ರೆಯ ಮೇಲೆ ಬಗ್ಗಿದೆ. ಕನ್ನಡಕ ಮಬ್ಬಾಯಿತು.

"ನನಗೆ ಗೊತ್ತಾಗಲ್ಲಮ್ಮ," ಎಂದೆ. "ಅವತ್ತೂ ಗೊತ್ತಾಗಿರಲಿಲ್ಲ."