ಟಗರನ್ನು ಕರೆಯುವ ಸದ್ದು

ಮಿರಜ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮಡಿಲಲ್ಲಿ ಹಗ್ಗವಿದೆ. ಅಪ್ಪ ತೀರಿಕೊಂಡು ತಿಂಗಳಾಯಿತು. ಅವನ ಟಗರನ್ನು ಇಂದು ವಿಶ್ರಾಮಬಾಗದ ಸಾಹೇಬರೊಬ್ಬರಿಗೆ ಮಾರಿದೆವು. ಕುರಿ ಕೊಟ್ಟರೂ ಅದರ ಹಗ್ಗ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಹಗ್ಗ ಬಿಚ್ಚಿಕೊಂಡು, ಅಪ್ಪ ಅದನ್ನು ಕರೆಯುತ್ತಿದ್ದ ಸದ್ದನ್ನು ಅಂಗಳದಲ್ಲೇ ಸಾಹೇಬರಿಗೆ ಕಲಿಸಿದೆ. ನಾಲಿಗೆ ಮಡಚಿ ‘ಡುರ್ರ್’ ಎಂದರೆ ಸಾಕು, ಎಲ್ಲಿದ್ದರೂ ಬರುತ್ತದೆ.

ಆಮೇಲೆ ಚಹಾಕ್ಕೆ ಒಳಗೆ ಕರೆದರು. ಗೋಡೆಯ ಮೇಲೆ ದೊಡ್ಡ ಕೊಂಬಿನ ಒಂದು ಟಗರಿನ ತಲೆ ಇತ್ತು. ಕಣ್ಣು ಗಾಜಿನವು.

“ಪರದೇಶದಾಗ ಹೊಡದಿದ್ದು,” ಎಂದರು ಸಾಹೇಬರು. “ಅಲ್ಲಿ ಬೇಲಿ ಹಾಕಿ, ಬೇಟೆಗಂತನ ಬಿಟ್ಟಿರ್ತಾರ.”

ಅಪ್ಪನ ತಮ್ಮ, ನಮ್ಮ ಕಾಕಾ, ಎದ್ದು ಹತ್ತಿರ ಹೋಗಿ ನೋಡಿದ. “ಕಿವಿಯಾಗ ಬಿಲ್ಲೆ ಹಾಕಿದ ತೂತ ಐತಲ್ರಿ. ಸಾಕಿದ್ದಿದು. ಓಡಲಿಲ್ಲೇನ್ರಿ?”

“ಇಲ್ಲ ಕಾಕಾ. ನನ್ನ ಕಡೆನ ಬಂತು.”

“ಕಾಳು ತಂದೀರಿ ಅಂತ ತಿಳಕೊಂಡಿತ್ತು, ಪಾಪ. ಭಾರಿ ಶಿಕಾರಿ ಬಿಡ್ರಿ!”

ಸಾಹೇಬರು ನಕ್ಕರು. “ನಿಮ್ಮದರ ಕೊಂಬು ಇದಕ್ಕಿಂತ ಚಲೋ ಅದಾವ. ಮಾಲಗಾಂವದ ತೋಟದಾಗ ಬಿಡ್ತೇನಿ. ದೋಸ್ತರು ಬಂದೂಕ ತೊಗೊಂಡು ಬರ್ತಾರ.”

ನಾನು ಕಪ್ಪು ಕೆಳಗಿಟ್ಟೆ. “ಕೊಡೂದಿಲ್ರಿ. ಮನಿಗೆ ಹೊಡಕೊಂಡು ಹೋಗ್ತೇವಿ.”

“ಮಾತು ಮುಗದೈತಿ,” ಎಂದರು.

ಹಗ್ಗ ಹಿಡಿದು ಅಂಗಳಕ್ಕೆ ಓಡಿದೆ. ಟಗರು ನನ್ನತ್ತ ತಿರುಗಿತು. ಹಿಂದಿನಿಂದ, ಮೆಟ್ಟಿಲ ಮೇಲೆ ನಿಂತು ಸಾಹೇಬರು ನಾಲಿಗೆ ಮಡಚಿದರು. ಸದ್ದು ಥೇಟ್ ಅಪ್ಪನದೇ.

ಟಗರು ನನ್ನನ್ನು ದಾಟಿ ಅವರ ಕಡೆ ನಡೆಯಿತು.